ಯೀಸ್ಟಿನ ಬಲವಿಜ್ಞಾನ: ಭೌತಶಾಸ್ತ್ರದ ತರಗತಿಗೊಂದು ಅರಿಕೆ

ಭೌತಶಾಸ್ತ್ರವು ಲೆಕ್ಕದ ಶಾಸ್ತ್ರ, ಜೀವಶಾಸ್ತ್ರವು ನೆನಪಿನ ಶಾಸ್ತ್ರ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಗಾದೆಯಂತೆ ಹಬ್ಬಿದೆ. ಲೆಕ್ಕಕ್ಕೆ ಅಂಜುವವರು ಗಿಡ, ಬೇರು, ಕಪ್ಪೆಗಳ ಕಡೆಗೂ, ಹೆಸರುಗಳನ್ನು ಬಾಯಿಪಾಠ ಮಾಡಲು ಬೇಸರಪಡುವವರು ಲೋಲಕ, ಮಸೂರಗಳ ಕಡೆಗೂ ತಿರುಗುವುದು ವಾಡಿಕೆ. ಪದವಿ ತರಗತಿಗೆ ಬಂದೊಡನೆ ಒಬ್ಬನು ಪಿ.ಸಿ.ಎಂ. ವಿದ್ಯಾರ್ಥಿ, ಇನ್ನೊಬ್ಬಳು ಸಿ.ಬಿ.ಝಡ್. ವಿದ್ಯಾರ್ಥಿನಿ. ಹದಿನೆಂಟನೆಯ ವಯಸ್ಸಿನಲ್ಲಿ ಬೇರ್ಪಟ್ಟ ಈ ಎರಡು ದಾರಿಗಳು ಮುಂದೆ ಕೂಡುವುದು ಅಪರೂಪ. ಈ ವಿಭಾಗಕ್ಕೆ ಪ್ರಕೃತಿಯಲ್ಲಿ ಯಾವ ಆಧಾರವೂ ಇಲ್ಲ. ವೇಳಾಪಟ್ಟಿಯ ಅನುಕೂಲಕ್ಕಾಗಿ ನಾವು ಮಾಡಿಕೊಂಡದ್ದು ಅದು. ಅದರಿಂದ ವಿದ್ಯಾರ್ಥಿಗಳಿಗಾಗುತ್ತಿರುವ ನಷ್ಟವನ್ನು ದೊಡ್ಡ ಮಾತುಗಳಲ್ಲಿ ಹೇಳುವುದಕ್ಕಿಂತ ಒಂದು ಸಣ್ಣ ಜೀವಿಯ ಉದಾಹರಣೆಯಿಂದ ತೋರಿಸುವುದು ಲೇಸೆಂದು ತೋರುತ್ತದೆ.

ಆ ಜೀವಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮತ್ತಿಕೆರೆಯ ಯಾವ ಬೇಕರಿಯಲ್ಲಾದರೂ ಬನ್ನಿನ ಹಿಟ್ಟನ್ನು ಉಬ್ಬಿಸುವ ಯೀಸ್ಟೇ ಅದು. ಒಂದೊಂದು ಯೀಸ್ಟೂ ಒಂದೇ ಜೀವಕಣ. ಅದರ ಅಡ್ಡಳತೆ ಸುಮಾರು 5 ಮೈಕ್ರಾನ್. ಇನ್ನೂರು ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಈ ಕಣದ ಹೊರಗಡೆ ಒಂದು ಗಟ್ಟಿಯಾದ ಗೋಡೆಯೂ, ಅದಕ್ಕೆ ಒತ್ತಿಕೊಂಡಂತೆ ಒಳಗಡೆ ಒಂದು ತೆಳುವಾದ ಪೊರೆಯೂ ಇವೆ.

ಈ ಪೊರೆಯು ಸುಮ್ಮನಿರುವುದಿಲ್ಲ. ಅದರ ಒಂದು ಚೂರು ಒಳಮುಖವಾಗಿ ಕುಳಿಬಿದ್ದು, ಕುಳಿಯು ಕೊಳವೆಯಾಗಿ ಉದ್ದವಾಗಿ, ಕೊನೆಗೆ ತುದಿ ಕತ್ತರಿಸಿಕೊಂಡು ಒಂದು ಪುಟ್ಟ ಚೀಲವಾಗಿ ಕಣದೊಳಗೆ ಸೇರುತ್ತದೆ. ಹೊರಗಿನ ವಸ್ತುಗಳನ್ನು ಒಳತರುವುದಕ್ಕೂ, ಪೊರೆಯಲ್ಲಿ ಕೆಲಸ ಮುಗಿಸಿದ ಪ್ರೋಟೀನುಗಳನ್ನು ಹಿಂತೆಗೆಯುವುದಕ್ಕೂ ಇದೇ ಮಾರ್ಗ. ಇದನ್ನು ಎಂಡೊಸೈಟೋಸಿಸ್ ಎನ್ನುವರು. ಈ ಲೇಖನದಲ್ಲಿ ‘ಅಂತರ್ಗ್ರಹಣ’ ಎಂದು ಕರೆಯೋಣ. ನಮ್ಮ ದೇಹದ ಕಣಗಳೂ ರಕ್ತದಲ್ಲಿರುವ ಕೊಲೆಸ್ಟರಾಲನ್ನು ಇದೇ ರೀತಿಯಲ್ಲಿ ಒಳಗೆ ತೆಗೆದುಕೊಳ್ಳುತ್ತವೆ. ಇನ್‌ಫ್ಲುಯೆನ್ಜಾ ವೈರಸ್ಸೂ ಈ ಬಾಗಿಲಿನಿಂದಲೇ ನುಸುಳುತ್ತದೆ. ಆದುದರಿಂದ ಯೀಸ್ಟಿನ ಈ ಕಸುಬು ನಮಗೆ ಸಂಬಂಧಪಡದ ವಿಚಾರವೆಂದು ಯಾರೂ ತಿಳಿಯಬಾರದು.

ಒತ್ತಡದ ಲೆಕ್ಕ

ಇಷ್ಟನ್ನು ಜೀವಶಾಸ್ತ್ರದ ಪುಸ್ತಕಗಳಲ್ಲಿ ಚಿತ್ರಸಹಿತವಾಗಿ ವರ್ಣಿಸಿರುವರು. ಭೌತಶಾಸ್ತ್ರದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕು: ಪೊರೆಯನ್ನು ಒಳಕ್ಕೆ ಎಳೆಯುವುದು ಎಷ್ಟು ಕಷ್ಟ?

ನೀರಿನಲ್ಲಿ ನೆನೆಹಾಕಿದ ಒಣದ್ರಾಕ್ಷಿ ಉಬ್ಬುವುದನ್ನು ಎಲ್ಲರೂ ಕಂಡಿರುವರು. ಸಿಪ್ಪೆಯೊಳಗಿನ ಸಕ್ಕರೆಯ ದ್ರಾವಣವು ಹೊರಗಿನ ನೀರನ್ನು ಸೆಳೆದುಕೊಳ್ಳುವುದೇ ಅದಕ್ಕೆ ಕಾರಣ. ಇದು ಅಭಿಸರಣದ ನಿಯಮ. ಯೀಸ್ಟಿನ ಒಳಗೂ ಲವಣ, ಸಕ್ಕರೆ, ಪ್ರೋಟೀನುಗಳು ಸಾಂದ್ರವಾಗಿ ಕರಗಿವೆ. ನೀರು ಒಳನುಗ್ಗುತ್ತದೆ, ಕಣ ಉಬ್ಬಲು ಯತ್ನಿಸುತ್ತದೆ, ಹೊರಗಿನ ಗೋಡೆ ತಡೆಯುತ್ತದೆ. ಹೀಗಾಗಿ ಒಳಗಡೆ ಒತ್ತಡವೇರ್ಪಡುತ್ತದೆ. ಬೇಕರಿಯ ಯೀಸ್ಟಿನಲ್ಲಿ ಈ ಒತ್ತಡವು ಕನಿಷ್ಠ ಎರಡು ವಾಯುಭಾರದಷ್ಟಿರಬಹುದೆಂದು ಅಂದಾಜು. ಅಂದರೆ ಕಾರಿನ ಚಕ್ರದಲ್ಲಿ ತುಂಬಿದ ಗಾಳಿಯ ಒತ್ತಡಕ್ಕೆ ಸರಿಸಮಾನ. ಎರಡಾಗಿ ಸೀಳಿ ವೃದ್ಧಿಯಾಗುವ ಫಿಷನ್ ಯೀಸ್ಟಿನಲ್ಲಿ ಅದು ಹತ್ತು ವಾಯುಭಾರದವರೆಗೂ ಇರುವುದು. ಗಾಳಿ ತುಂಬಿ ಬಿಗಿದ ಚಕ್ರವನ್ನು ಬೆರಳಿನಿಂದ ಒಳಕ್ಕೆ ಒತ್ತಲು ಯತ್ನಿಸಿದವರಿಗೆ ಈ ಕೆಲಸ ಎಂತಹುದೆಂಬುದು ತಿಳಿದಿರುತ್ತದೆ.

ಈಗ ಲೆಕ್ಕ ಮಾಡೋಣ. ಒಳಸರಿಯುವ ಕೊಳವೆಯ ತ್ರಿಜ್ಯ ಸುಮಾರು 30 ನ್ಯಾನೋಮೀಟರ್. ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಎರಡು ವಾಯುಭಾರದ ಒತ್ತಡದಿಂದ ಗುಣಿಸಿದರೆ ಬರುವ ಬಲ ಸುಮಾರು 560 ಪಿಕೋನ್ಯೂಟನ್. ಒಂದು ಪಿಕೋನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷಕೋಟಿಯಲ್ಲೊಂದು ಭಾಗ. ಆದುದರಿಂದ ಇದು ಅತ್ಯಲ್ಪವೆಂದು ಮೊದಲು ತೋರೀತು. ಆದರೆ ಯೀಸ್ಟ್ ಕಣದ ತೂಕವನ್ನೇ ಕಂಡುಹಿಡಿಯಿರಿ. 5 ಮೈಕ್ರಾನ್ ಅಡ್ಡಳತೆಯ ಗೋಳದ ಘನಗಾತ್ರವನ್ನು ನೀರಿಗಿಂತ ತುಸು ಹೆಚ್ಚಿನ ಸಾಂದ್ರತೆಯಿಂದಲೂ ಗುರುತ್ವವೇಗೋತ್ಕರ್ಷದಿಂದಲೂ ಗುಣಿಸಿದರೆ ದೊರೆಯುವುದು ಕೇವಲ 0.7 ಪಿಕೋನ್ಯೂಟನ್! ಅಂದಮೇಲೆ ತನ್ನ ಮೈಯ ಒಂದು ಚುಕ್ಕೆಯಷ್ಟು ಜಾಗದಲ್ಲಿ ಯೀಸ್ಟು ತನ್ನ ತೂಕದ ಎಂಟುನೂರು ಪಾಲು ಬಲವನ್ನು ಪ್ರಯೋಗಿಸಬೇಕಾಗಿದೆ.

ಈ ಬಲವನ್ನು ಒದಗಿಸುವವರು ಯಾರು?

ಆಕ್ಟಿನ್ ಎಂಬ ಕೂಲಿಕಾರ

ಅದನ್ನೊದಗಿಸುವುದು ಆಕ್ಟಿನ್ ಎಂಬ ಪ್ರೋಟೀನು. ಹಂಗೆರಿಯ ಸೆಗೆಡ್ ನಗರದಲ್ಲಿ ಸ್ಟ್ರೌಬ್ ಎಂಬ ವಿಜ್ಞಾನಿಯು 1942ರಲ್ಲಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದನು. ಬಹುಕಾಲ ಇದನ್ನು ಸ್ನಾಯುವಿನ ಸ್ವತ್ತೆಂದೇ ಭಾವಿಸಿದ್ದರು. ಆದರೆ ಸ್ನಾಯುವೇ ಇಲ್ಲದ ಯೀಸ್ಟಿನಲ್ಲಿಯೂ ಆಕ್ಟಿನ್ನಿಗೆ ಜೀನು ಇರುವುದು 1980ರಲ್ಲಿ ತಿಳಿದುಬಂತು. 1984ರಲ್ಲಿ ಹೊಳೆಯುವ ಬಣ್ಣಗಳನ್ನು ಬಳಸಿ ನೋಡಿದಾಗ ಪೊರೆಯ ಒಳಗಡೆ ಆಕ್ಟಿನ್ನಿನ ಚುಕ್ಕೆಗಳು ಕಂಡವು. ಈ ಚುಕ್ಕೆಗಳು ಏತಕ್ಕೆ ಎಂಬುದು ಕೆಲವು ವರ್ಷ ಒಗಟಾಗಿಯೇ ಉಳಿಯಿತು.

ಉತ್ತರದ ಮೊದಲ ಎಳೆ ಸಿಕ್ಕಿದ್ದು 1993ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆಕ್ಟಿನ್ ಕೆಟ್ಟುಹೋದ ಯೀಸ್ಟುಗಳು ಹೊರಗಿನ ಹಾರ್ಮೋನನ್ನು ಒಳಗೆ ತೆಗೆದುಕೊಳ್ಳಲಾರವೆಂದು ಕ್ಯೂಬ್ಲರ್ ಮತ್ತು ರೀಟ್ಸ್‌ಮನ್ ತೋರಿಸಿದರು. 2003ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಾಕ್ಸೊನೆನ್, ಡ್ರೂಬಿನ್ ಮೊದಲಾದವರು ಬೇರೆ ಬೇರೆ ಪ್ರೋಟೀನುಗಳಿಗೆ ಬೇರೆ ಬೇರೆ ಬಣ್ಣದ ಬೆಳಕನ್ನು ಜೋಡಿಸಿ ಜೀವಂತ ಯೀಸ್ಟಿನ ಚಲನಚಿತ್ರವನ್ನೇ ತೆಗೆದರು. ಪ್ರೋಟೀನುಗಳು ಒಂದಾದಮೇಲೊಂದು ಗೊತ್ತಾದ ಕ್ರಮದಲ್ಲಿ ಬಂದು ಸೇರುವುದೂ, ಆಕ್ಟಿನ್ ಕಡೆಯಲ್ಲಿ ಬಂದು ಕೆಲವೇ ಸೆಕೆಂಡುಗಳಲ್ಲಿ ಕೆಲಸವನ್ನು ಮುಗಿಸುವುದೂ ಅದರಲ್ಲಿ ಕಂಡವು. ಜರ್ಮನಿಯ ಹೈಡಲ್‌ಬರ್ಗಿನ ಸಂಶೋಧಕರು 2012ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಪೊರೆಯ ಆಕಾರವನ್ನೇ ಪರೀಕ್ಷಿಸಿ, ಆಕ್ಟಿನ್ ಬರುವವರೆಗೆ ಪೊರೆಯು ಚಪ್ಪಟೆಯಾಗಿಯೇ ಇರುವುದೆಂದೂ, ಅದು ಬಂದಮೇಲೆಯೇ ಬಾಗತೊಡಗುವುದೆಂದೂ ಖಚಿತಪಡಿಸಿದರು.

ಆಕ್ಟಿನ್ ಅಣುಗಳು ಒಂದಕ್ಕೊಂದು ಸೇರಿ ತಂತುವಾಗುತ್ತವೆ. ತಂತುವಿನ ಪಕ್ಕದಿಂದ ಸುಮಾರು ಎಪ್ಪತ್ತು ಡಿಗ್ರಿ ಕೋನದಲ್ಲಿ ಕೊಂಬೆಯೊಡೆದು ಮತ್ತೊಂದು ತಂತು ಬೆಳೆಯುತ್ತದೆ. ಹೀಗೆ ಒಂದು ದಟ್ಟವಾದ ಪೊದೆಯೇರ್ಪಡುತ್ತದೆ. ಈ ಪೊದೆಯ ವಿಶೇಷವೆಂದರೆ, ಹೊಸ ಅಣುಗಳು ಸೇರುವುದು ಪೊರೆಗೆ ತಗುಲಿಕೊಂಡ ಬುಡದ ಕಡೆಯಲ್ಲಿ. ಬಣವೆಯ ತಳಕ್ಕೆ ಹುಲ್ಲನ್ನು ತುರುಕುತ್ತ ಹೋದರೆ ಇಡೀ ಬಣವೆಯೇ ಮೇಲೇಳುವಂತೆ, ಆಕ್ಟಿನ್ನಿನ ಪೊದೆಯು ಕಣದ ಒಳಕ್ಕೆ ಸರಿಯುತ್ತದೆ. ಕುಳಿಯ ತುದಿಯನ್ನು ಈ ಪೊದೆಗೆ ಕಟ್ಟಿರುವ ಹಗ್ಗದಂತಹ ಪ್ರೋಟೀನುಗಳುಂಟು. ಎಸ್‌ಎಲ್‌ಎ-2 ಎಂಬುದು ಅವುಗಳಲ್ಲಿ ಮುಖ್ಯವಾದುದು. ಪೊದೆ ಸರಿದಂತೆಲ್ಲ ಹಗ್ಗ ಬಿಗಿಯುತ್ತದೆ. ಪೊರೆ ಒಳಕ್ಕೆ ಬರುತ್ತದೆ.

ಈ ವಿವರಣೆ ನಿಜವಾದರೆ ಒಂದು ಪರೀಕ್ಷೆಯನ್ನು ಯೋಚಿಸಬಹುದು. ಆಕ್ಟಿನ್ ಬೇಕಾಗಿರುವುದು ಒಳಗಿನ ಒತ್ತಡವನ್ನು ಮೀರುವುದಕ್ಕಾಗಿಯೇ ಆಗಿದ್ದರೆ, ಆ ಒತ್ತಡವನ್ನು ತಗ್ಗಿಸಿದಾಗ ಆಕ್ಟಿನ್ ಇಲ್ಲದೆಯೂ ಕೆಲಸ ನಡೆಯಬೇಕು. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಅಘಮೊಹಮ್ಮದ್‌ಜಾದೆ ಮತ್ತು ಅಯ್ಸ್‌ಕಾ ಎಂಬವರು 2009ರಲ್ಲಿ ಇದನ್ನೇ ಮಾಡಿ ನೋಡಿದರು. ಯೀಸ್ಟಿನ ಹೊರಗಣ ದ್ರಾವಣಕ್ಕೆ ಸಾರ್ಬಿಟಾಲ್ ಎಂಬ ಸಕ್ಕರೆಯಂತಹ ವಸ್ತುವನ್ನು ಬೆರೆಸಿ, ಒಳಹೊರಗಿನ ಸಾಂದ್ರತೆಯ ಅಂತರವನ್ನು ಕಡಮೆಮಾಡಿದರು. ಆಕ್ಟಿನ್ನಿನ ಕೆಲಸ ನಿಂತುಹೋಗಿದ್ದ ಯೀಸ್ಟುಗಳಲ್ಲಿ ಅಂತರ್ಗ್ರಹಣವು ಮರಳಿ ನಡೆಯತೊಡಗಿತು! ಫಿಷನ್ ಯೀಸ್ಟಿನಲ್ಲಿಯೂ ಇಂತಹುದೇ ಫಲಿತಾಂಶವು 2014ರಲ್ಲಿ ಅಮೆರಿಕದಿಂದ ವರದಿಯಾಯಿತು. ಪ್ರಾಣಿಗಳ ಕಣಗಳಿಗೆ ಗಟ್ಟಿ ಗೋಡೆಯಾಗಲಿ ಈ ಪ್ರಮಾಣದ ಒತ್ತಡವಾಗಲಿ ಇಲ್ಲ. ಅವುಗಳಲ್ಲಿ ಅನೇಕ ವೇಳೆ ಆಕ್ಟಿನ್ನಿನ ನೆರವಿಲ್ಲದೆಯೂ ಅಂತರ್ಗ್ರಹಣ ನಡೆಯುವುದೇಕೆಂಬುದೂ ಇದರಿಂದ ಅರ್ಥವಾಗುತ್ತದೆ. ಅಲ್ಲಿಯೂ ಪೊರೆಯನ್ನು ಎಳೆದು ಬಿಗಿಗೊಳಿಸಿದರೆ ಆಕ್ಟಿನ್ ಅವಶ್ಯವಾಗುವುದೆಂದು 2011ರಲ್ಲಿ ತೋರಿಸಿದರು. ಜೀವಿ ಯಾವುದೆಂಬುದಕ್ಕಿಂತ ಪೊರೆಯ ಮೇಲಿನ ಬಲವೆಷ್ಟೆಂಬುದೇ ಇಲ್ಲಿ ನಿರ್ಣಾಯಕ. ಪಿ.ಯು. ತರಗತಿಯ ಭೌತಶಾಸ್ತ್ರದಲ್ಲಿರುವ ಒತ್ತಡ, ವಿಸ್ತೀರ್ಣ, ಬಲಗಳ ಸಂಬಂಧವನ್ನು ಬಿಟ್ಟರೆ ಈ ಪ್ರಯೋಗವನ್ನು ಯೋಚಿಸಲು ಬೇರೇನೂ ಬೇಕಾಗಿಲ್ಲ.

ಲೆಕ್ಕವು ಇಲ್ಲಿಗೇ ಮುಗಿಯಲಿಲ್ಲ. ಬೆಳೆಯುತ್ತಿರುವ ಒಂದು ಆಕ್ಟಿನ್ ತಂತು ತಳ್ಳಬಲ್ಲುದು ಒಂದೆರಡು ಪಿಕೋನ್ಯೂಟನ್ ಮಾತ್ರ. ಒಂದು ಪೊದೆಯಲ್ಲಿರುವುದು ನೂರರ ಲೆಕ್ಕದ ತಂತುಗಳು. ಅವೆಲ್ಲ ಒಂದೇ ದಿಕ್ಕಿಗೆ ತಳ್ಳುವುದೂ ಇಲ್ಲ. ಯೂರೋಪಿನ ಸಂಶೋಧಕರು 2021ರಲ್ಲಿ ಎಸ್‌ಎಲ್‌ಎ-2 ಎಂಬ ಆ ಹಗ್ಗದ ನಡುವೆ ಒಂದು ಪುಟ್ಟ ಸ್ಪ್ರಿಂಗ್ ತಕ್ಕಡಿಯನ್ನು ಸೇರಿಸಿದರು. ಎಳೆತ ಹೆಚ್ಚಿದಂತೆ ಹೊಮ್ಮುವ ಬೆಳಕು ಬದಲಾಗುವಂತಹ ಪ್ರೋಟೀನು ಅದು. ಒಂದೊಂದು ಹಗ್ಗದ ಮೇಲೆಯೂ ಸುಮಾರು 10 ಪಿಕೋನ್ಯೂಟನ್, ಎಲ್ಲ ಸೇರಿ ಕೆಲವು ನೂರರಿಂದ ಸಾವಿರಕ್ಕೂ ಮೀರಿದ ಪಿಕೋನ್ಯೂಟನ್ ಬಲ ಬೀಳುವುದೆಂದು ಅಳೆದರು. ನಾವು ಮೇಲೆ ಕಾಗದದ ಮೇಲೆ ಮಾಡಿದ ಅಂದಾಜು ಈ ಮಿತಿಯೊಳಗೇ ಇರುವುದನ್ನು ವಾಚಕರು ಗಮನಿಸಬಹುದು. ಆದರೆ ಸಣ್ಣ ಸಣ್ಣ ನೂಕುಗಳು ಕೂಡಿ ಇಷ್ಟು ದೊಡ್ಡ ಎಳೆತವಾಗುವುದು ಹೇಗೆ? ಮಯೋಸಿನ್ ಎಂಬ ಮತ್ತೊಂದು ಪ್ರೋಟೀನಿನ ಪಾಲೆಷ್ಟು? ಪೊದೆಯು ರಬ್ಬರಿನಂತೆ ಅದುಮಿಕೊಂಡು ಶಕ್ತಿಯನ್ನು ಕೂಡಿಡುವುದೋ? ಈ ಪ್ರಶ್ನೆಗಳು ಇನ್ನೂ ತೆರೆದೇ ಇವೆ. ಭೌತಶಾಸ್ತ್ರದ ಪದವೀಧರನೊಬ್ಬನು ಕೈಹಾಕಬಹುದಾದ, ಹಾಕಲೇಬೇಕಾದ ಪ್ರಶ್ನೆಗಳಿವು.

ನಮ್ಮ ಊರಿನ ಪರಂಪರೆ

ಇದೆಲ್ಲ ಹೊರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಎರಡು ಶಾಸ್ತ್ರಗಳ ಈ ಸಂಗಮವು ಬೆಂಗಳೂರಿಗೆ ಹೊಸದಲ್ಲ. ಮತ್ತಿಕೆರೆಯ ಪಕ್ಕದಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಮನ್ನರ ಶಿಷ್ಯರಾಗಿ ಭೌತಶಾಸ್ತ್ರವನ್ನು ಕಲಿತ ಜಿ. ಎನ್. ರಾಮಚಂದ್ರನ್ನರು ಮುಂದೆ ಪ್ರೋಟೀನುಗಳ ರಚನೆಯನ್ನು ಬಿಡಿಸಿ ಲೋಕಪ್ರಸಿದ್ಧರಾದರು. ಅದೇ ಸಂಸ್ಥೆಯಲ್ಲಿ 1971ರಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದವರೂ ಅವರೇ.

ಆಕ್ಟಿನ್ನಿನ ವಿಷಯದಲ್ಲಿಯೂ ಬೆಂಗಳೂರಿನ ಕೊಡುಗೆ ಸಣ್ಣದಲ್ಲ. ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡವು ಪ್ರಾಣಿಗಳ ಕಣಗಳಲ್ಲಿ ಅಂತರ್ಗ್ರಹಣದ ಇನ್ನೊಂದು ಮಾರ್ಗವನ್ನು 2002ರಲ್ಲಿ ಗುರುತಿಸಿತು. ಆ ಮಾರ್ಗವನ್ನು ನಿಯಂತ್ರಿಸುವ ಸಿಡಿಸಿ-42 ಎಂಬ ಪ್ರೋಟೀನು ಮೊದಲು ತಿಳಿದುಬಂದದ್ದು ಯೀಸ್ಟಿನಲ್ಲಿಯೇ ಎಂಬುದು ಗಮನಾರ್ಹ. ಪೊರೆಯ ಬಿಗಿತ ಸಡಿಲಿದಾಗ ಈ ಮಾರ್ಗವು ಚುರುಕಾಗಿ, ಹೆಚ್ಚಾದ ಪೊರೆಯನ್ನು ಒಳಗೆಳೆದುಕೊಳ್ಳುವುದೆಂದು ಅವರ ತಂಡವು 2018ರಲ್ಲಿ ತೋರಿಸಿತು. ಇದಕ್ಕೂ ಮುಂಚೆ, ಪೊರೆಯ ಮೇಲಿನ ಕೆಲವು ಪ್ರೋಟೀನುಗಳು ಪುಟ್ಟ ಗುಂಪುಗಳಾಗಿ ಕೂಡುವುದೇಕೆ ಎಂಬ ಪ್ರಶ್ನೆಯೆದ್ದಾಗ ಮೇಯರ್ ಅವರ ಜೊತೆಗೆ ದುಡಿದವರು ಮದನ್ ರಾವ್. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಸೈದ್ಧಾಂತಿಕ ಭೌತವಿಜ್ಞಾನಿ. ಪೊರೆಯ ಕೆಳಗಿನ ಆಕ್ಟಿನ್ ತಂತುಗಳು ಮಯೋಸಿನ್ನಿನ ಎಳೆತದಿಂದ ನಕ್ಷತ್ರಾಕಾರವಾಗಿ ಕೂಡಿ, ಮೇಲಿನ ಅಣುಗಳನ್ನು ಒಂದೆಡೆ ಸೇರಿಸುವುವೆಂಬ ಸಿದ್ಧಾಂತವನ್ನು ಸಮೀಕರಣಗಳಲ್ಲಿಯೂ ಪ್ರಯೋಗದಲ್ಲಿಯೂ ನಿರೂಪಿಸಿ 2012ರಲ್ಲಿ ಪ್ರಕಟಿಸಿದರು. ಒಬ್ಬರು ಸೂಕ್ಷ್ಮದರ್ಶಕದ ಮುಂದೆ, ಇನ್ನೊಬ್ಬರು ಕಪ್ಪುಹಲಗೆಯ ಮುಂದೆ: ಇಬ್ಬರಿಗೂ ಪರಸ್ಪರರ ಭಾಷೆ ತಿಳಿದಿದ್ದುದರಿಂದಲೇ ಈ ಕೆಲಸ ಸಾಧ್ಯವಾಯಿತು.

ಕನ್ನಡಕ್ಕೂ ಈ ಪರಂಪರೆಯಲ್ಲಿ ಪಾಲುಂಟು. 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಬೋಧಿಸುತ್ತಿದ್ದುದು ಭೌತಶಾಸ್ತ್ರವನ್ನು. ಆದರೆ ಅವರು ಕನ್ನಡಿಗರಿಗೆ ಬರೆದುಕೊಟ್ಟ ಗ್ರಂಥ ‘ಜೀವವಿಜ್ಞಾನ’. ಅವರಿಗೆ ಅಡ್ಡಬಾರದ ಗೋಡೆ ನಮಗೇಕೆ ಅಡ್ಡಬರಬೇಕು?

ಮಾಡಬೇಕಾದುದೇನು?

ಪದವಿಯ ವ್ಯವಸ್ಥೆಯು ಈಚಿನ ವರ್ಷಗಳಲ್ಲಿ ಎರಡು ಬಾರಿ ಬದಲಾಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣನೀತಿಯನ್ನು ಅನುಸರಿಸಿದೆವು; 2024ರಲ್ಲಿ ಮರಳಿ ಮೂರು ವರ್ಷದ, ಮೂರು ವಿಷಯಗಳ ಪದವಿಗೆ ಬಂದೆವು. ವರ್ಷಗಳ ಎಣಿಕೆ, ಅಂಕಗಳ ಹಂಚಿಕೆಗಳ ಬಗ್ಗೆ ವಾದ ಬಹಳ ನಡೆಯಿತು. ಭೌತಶಾಸ್ತ್ರದ ವಿದ್ಯಾರ್ಥಿ ಒಂದು ಜೀವಕಣವನ್ನಾದರೂ ಕಾಣಬೇಕು, ಜೀವಶಾಸ್ತ್ರದ ವಿದ್ಯಾರ್ಥಿ ಒಂದು ಬಲವನ್ನಾದರೂ ಲೆಕ್ಕಹಾಕಬೇಕು ಎಂಬ ಮಾತಿಗೆ ಆ ವಾದದಲ್ಲಿ ಸಿಕ್ಕಿದ ಗಮನ ಅತ್ಯಲ್ಪ. ವಿಜ್ಞಾನ ಸಂಸ್ಥೆಯು 2011ರಲ್ಲಿ ತನ್ನ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿದಾಗ, ಮೊದಲ ಮೂರು ಸೆಮಿಸ್ಟರುಗಳಲ್ಲಿ ಎಲ್ಲ ವಿದ್ಯಾರ್ಥಿಗಳೂ ಗಣಿತ, ಭೌತ, ರಸಾಯನ, ಜೀವಶಾಸ್ತ್ರಗಳೆಲ್ಲವನ್ನೂ ಕಲಿಯಬೇಕೆಂದು ಗೊತ್ತುಮಾಡಿತು. ಆರಿಸಿ ತೆಗೆದ ಕೆಲವರಿಗೆ ಹಿತವಾದುದು ಆವರಣದ ಹೊರಗಿರುವ ಸಾವಿರಾರು ಮಂದಿಗೆ ಅಹಿತವಾಗಲಾರದು.

ನಮ್ಮ ಕಾಲೇಜುಗಳಲ್ಲಿ ಅಷ್ಟು ದೊಡ್ಡ ಬದಲಾವಣೆಯನ್ನು ಒಮ್ಮೆಗೇ ತರುವುದು ಸಾಧ್ಯವಿಲ್ಲವೆಂದು ಬಲ್ಲೆನು. ಆದುದರಿಂದ ನನ್ನ ಬೇಡಿಕೆ ಸಣ್ಣದು. ಪಿ.ಸಿ.ಎಂ. ತರಗತಿಗೆ ಎಂಟು ಗಂಟೆಗಳ ಒಂದು ಪಾಠ: ಅಭಿಸರಣ, ಬ್ರೌನನ ಚಲನೆ, ಪೊರೆಯ ಬಿಗಿತ, ಆಕ್ಟಿನ್ನಿನ ಬಲ. ಸಿ.ಬಿ.ಝಡ್. ತರಗತಿಗೆ ಅದೇ ಪಾಠ, ಲೆಕ್ಕಗಳ ಸಮೇತ. ಎರಡಕ್ಕೂ ಸೇರಿ ಒಂದು ಪ್ರಯೋಗ.

ಪ್ರಯೋಗಕ್ಕೆ ಬೇಕಾಗುವ ಸಾಮಗ್ರಿಯೂ ಅಲ್ಪವೇ. ಅಂಗಡಿಯ ಯೀಸ್ಟು, ಸಕ್ಕರೆ, ಸಸ್ಯಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕ, ಅದರ ಕಣ್ಣುಮಸೂರದೊಳಗೆ ಒಂದು ಅಳತೆಪಟ್ಟಿ. ನೀರಿನಲ್ಲಿರುವ ನೂರು ಕಣಗಳ ಅಡ್ಡಳತೆಯನ್ನು ಅಳೆಯುವುದು. ಲೀಟರಿಗೆ 342 ಗ್ರಾಂ ಸಕ್ಕರೆ ಕರಗಿರುವ ದ್ರಾವಣದಲ್ಲಿ ಮತ್ತೆ ನೂರನ್ನು ಅಳೆಯುವುದು. ಅಂತಹ ದ್ರಾವಣದ ಅಭಿಸರಣ ಒತ್ತಡವು ವಾಂಟ್ ಹಾಫನ ಸೂತ್ರದಂತೆ ಸುಮಾರು 24 ವಾಯುಭಾರ. ಯೀಸ್ಟು ನೀರನ್ನು ಬಿಟ್ಟುಕೊಟ್ಟು ಕುಗ್ಗುವುದು. ಕುಗ್ಗುವ ಪ್ರಮಾಣ ಒಂದು ಮೈಕ್ರಾನಿಗೂ ಕಡಮೆಯಾದುದರಿಂದ ಒಂದೆರಡು ಕಣಗಳನ್ನು ನೋಡಿದರೆ ಸಾಲದು. ಸರಾಸರಿಯೂ ದೋಷದ ಲೆಕ್ಕವೂ ಬೇಕು. ಅಳತೆಯನ್ನು ಬೇಗನೆ ಮುಗಿಸಬೇಕು. ಏಕೆಂದರೆ ಜೀವಂತ ಯೀಸ್ಟು ಒಳಗಡೆ ಗ್ಲಿಸರಾಲನ್ನು ತಯಾರಿಸಿಕೊಂಡು ಕಳೆದುಕೊಂಡ ಒತ್ತಡವನ್ನು ಕ್ರಮೇಣ ಮರಳಿ ಪಡೆಯುತ್ತದೆ. ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ತಾನು ಅಳೆಯುತ್ತಿರುವುದು ಉಕ್ಕಿನ ತಂತಿಯಲ್ಲ, ಪ್ರತಿಕ್ರಿಯೆ ತೋರುವ ಜೀವಿ ಎಂಬುದೂ, ಜೀವಶಾಸ್ತ್ರದ ವಿದ್ಯಾರ್ಥಿಗೆ ‘ಕುಗ್ಗಿತು’ ಎಂದು ಬರೆದರೆ ಸಾಲದು, ಎಷ್ಟು ಕುಗ್ಗಿತೆಂದು ಹೇಳಬೇಕೆಂಬುದೂ ಏಕಕಾಲದಲ್ಲಿ ಮನವರಿಕೆಯಾಗುತ್ತವೆ.

ಇದಕ್ಕೆ ಆಕ್ಷೇಪಣೆಗಳು ಬರುವುದು ಸಹಜ. ಪಾಠಪಟ್ಟಿ ಈಗಲೇ ಭಾರವಾಗಿದೆ ಎನ್ನುವರು. ಭಾರವಾಗಿರುವುದು ನಿಜ, ಆದರೆ ಪಿ.ಯು.ನಲ್ಲಿ ಕಲಿತುದನ್ನೇ ಪದವಿಯಲ್ಲಿ ಪುನಃ ಹೇಳುವ ಗಂಟೆಗಳನ್ನು ಎಣಿಸಿದರೆ ಎಂಟು ಗಂಟೆಗಳಿಗೆ ಸ್ಥಳ ದೊರೆಯದಿರಲಾರದು. ಅಧ್ಯಾಪಕರಿಗೆ ತಿಳಿಯದ ವಿಷಯವನ್ನು ಬೋಧಿಸುವವರಾರು ಎನ್ನುವರು. ಎರಡು ವಿಭಾಗಗಳ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ನಿಂತು ಬೋಧಿಸಲಿ. ಒಬ್ಬರ ಪಾಠವನ್ನು ಇನ್ನೊಬ್ಬರು ಕೇಳುವುದರಲ್ಲಿ ಮರ್ಯಾದೆಗೆ ಕುಂದೇನೂ ಇಲ್ಲ. ಕೆಲಸದ ಗಂಟೆಗಳ ಲೆಕ್ಕದಲ್ಲಿ ಇದನ್ನು ಯಾರ ಹೆಸರಿಗೆ ಬರೆಯಬೇಕೆಂಬುದೇ ನಿಜವಾದ ತೊಡಕು. ಅದನ್ನು ಇಬ್ಬರ ಹೆಸರಿಗೂ ಬರೆಯಲು ಒಂದು ಸುತ್ತೋಲೆ ಸಾಕು. ಯೀಸ್ಟಿನ ಪೊರೆಯನ್ನು ಬಾಗಿಸುವುದರಿಂದ ಉದ್ಯೋಗ ಸಿಕ್ಕುವುದೇ ಎಂದು ತಂದೆತಾಯಿಗಳು ಕೇಳುವರು. ಉದ್ಯೋಗದ ಭರವಸೆಯನ್ನು ಯಾವ ಪಾಠವೂ ಕೊಡಲಾರದು. ಆದರೆ ಔಷಧಿಯನ್ನು ಜೀವಕಣದೊಳಗೆ ತಲುಪಿಸುವುದಾಗಲಿ, ವೈರಸ್ಸನ್ನು ಬಾಗಿಲಲ್ಲೇ ತಡೆಯುವುದಾಗಲಿ, ಮುಂದೆ ಬರುವ ಕೆಲಸಗಳಲ್ಲಿ ಎರಡು ಶಾಸ್ತ್ರಗಳನ್ನೂ ಬಲ್ಲವರಿಗೆ ಸ್ಥಾನವಿರುವುದೆಂದು ಹೇಳಲು ಅಂಜಬೇಕಾಗಿಲ್ಲ.

ಪ್ರತಿ ವರ್ಷವೂ ನಮ್ಮ ತರಗತಿಗಳಿಂದ ಹೊರಹೋಗುವ ಜಾಣ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ, ತಮಗೆ ಒಪ್ಪುವಂತಹ ಪ್ರಶ್ನೆಯು ಪಕ್ಕದ ಕೊಠಡಿಯಲ್ಲಿತ್ತೆಂಬುದನ್ನು ಅರಿಯದೆಯೇ ಹೋಗುವರು. ಒಳಗಿನ ಒತ್ತಡವನ್ನೆದುರಿಸಿ ಪೊರೆಯನ್ನು ಎಳೆಯುವ ಕೆಲಸಕ್ಕೆ ಯೀಸ್ಟು ಕೆಲವೇ ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ನಾವು ಕೇಳುತ್ತಿರುವುದು ಎಂಟು ಗಂಟೆಗಳನ್ನು. ಪಾಠಪಟ್ಟಿಯನ್ನು ರಚಿಸುವ ಮಂಡಳಿಗಳ ಸದಸ್ಯರು ಈ ಅರಿಕೆಯನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವರೆಂದು ಆಶಿಸುತ್ತೇನೆ. ಅಲ್ಲಿಯವರೆಗೆ, ಸೂಕ್ಷ್ಮದರ್ಶಕವೂ ಸಕ್ಕರೆಯೂ ಇರುವ ಯಾವ ಕಾಲೇಜೂ ಯಾರ ಅಪ್ಪಣೆಗೂ ಕಾಯದೆ ಈ ಪ್ರಯೋಗವನ್ನು ಮಾಡಿ ನೋಡಬಹುದು.